ಬಾಯಿ ಅವರದು, ಮಾತು ನಮ್ಮದು: ಕಾರ್ಟೂನ್ ಕಂಠದಾನಕ್ಕೆ ಹೊರಡುವ ಮುನ್ನ

ಹಾಸನದ ಯಾವುದೇ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾಲ್ವರು ಸಿನಿಮಾ ನಟರ ದನಿಯನ್ನೂ ಒಂದು ನಾಯಿ-ಬೆಕ್ಕಿನ ಜಗಳವನ್ನೂ ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ ಹುಡುಗನಿಗೆ ಗೆಳೆಯರು ಹೇಳುವ ಮೊದಲ ಮಾತು, ‘ನೀನು ಕಾರ್ಟೂನ್‌ಗೆ ವಾಯ್ಸ್ ಕೊಡಬಹುದು ಕಣೋ’ ಎಂಬುದು. ಆ ಸಲಹೆ ಪೂರ್ತಿ ತಪ್ಪಲ್ಲ, ಆದರೆ ಅದು ಕೆಲಸದ ಸಣ್ಣದೊಂದು ಅಂಚನ್ನು ಮಾತ್ರ ಮುಟ್ಟುತ್ತದೆ. ಮಿಮಿಕ್ರಿ ಮಾಡುವವನು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ದನಿಯನ್ನು ಒಂದೆರಡು ನಿಮಿಷ ನೆನಪಿಸಿಕೊಡುತ್ತಾನೆ. ಕಾರ್ಟೂನ್‌ಗೆ ಕಂಠದಾನ ಮಾಡುವವರಾದರೋ ಯಾರೂ ಕೇಳಿರದ ಒಂದು ದನಿಯನ್ನು ಹುಟ್ಟಿಸಿ, ಅದರಲ್ಲಿ ನಗು, ಅಳು, ಸುಳ್ಳು, ಹಸಿವು, ಮರದಿಂದ ಜಾರುವಾಗಿನ ಹೆದರಿಕೆ ಎಲ್ಲವನ್ನೂ ತುಂಬಿ, ಅದನ್ನು ಇನ್ನೊಬ್ಬರು ಬರೆದ ಚಿತ್ರದ ಬಾಯಿಯ ಅಳತೆಗೆ ಹೊಂದಿಸಿ, ತಿಂಗಳುಗಟ್ಟಲೆ ಅದೇ ದನಿಯನ್ನು ಕೆಡದಂತೆ ಕಾಪಾಡಿಕೊಳ್ಳಬೇಕು. ಇದು ನಟನೆಯೇ; ಮುಖವನ್ನು ಮಾತ್ರ ಬೇರೆಯವರು ಕೊಟ್ಟಿರುತ್ತಾರೆ. ಹಾಸನ, ಚಿಕ್ಕಮಗಳೂರಿನಂಥ ಊರುಗಳಿಂದ ಈ ಕೆಲಸಕ್ಕೆ ಹೊರಡುವವರು ಏನನ್ನು ಕಲಿಯಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು, ಊರಿನ ಮಾತಿನಲ್ಲೇ ಅವರಿಗೆ ಸಿಕ್ಕಿರುವ ಬಂಡವಾಳ ಯಾವುದು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದದ್ದು, ದನಿ ಮತ್ತು ಚಿತ್ರ ಇವೆರಡರಲ್ಲಿ ಯಾವುದು ಮುಂಚೆ ಬರುತ್ತದೆ ಎಂಬುದು. ಹೊಸದಾಗಿ ತಯಾರಾಗುವ ಕಾರ್ಟೂನ್‌ನಲ್ಲಿ ಸಾಮಾನ್ಯವಾಗಿ ದನಿಯೇ ಮುಂಚೆ. ನಟರು ಚಿತ್ರಕಥೆಯ ಕರಡು ರೇಖೆಗಳನ್ನಷ್ಟೇ ನೋಡಿ ಮಾತನ್ನು ರೆಕಾರ್ಡ್ ಮಾಡುತ್ತಾರೆ. ಆಮೇಲೆ ಅನಿಮೇಟರ್ ಆ ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಏಳೆಂಟು ಸಿದ್ಧ ಬಾಯಿಯಾಕಾರಗಳಲ್ಲಿ ತಕ್ಕದ್ದನ್ನು ಆರಿಸಿ ಕೂರಿಸುತ್ತಾನೆ. ಪ, ಬ, ಮ ಬಂದರೆ ಮುಚ್ಚಿದ ತುಟಿ, ಉ, ಓ ಬಂದರೆ ದುಂಡಗಾದ ತುಟಿ, ಈ, ಏ ಬಂದರೆ ಅಗಲವಾದ ಬಾಯಿ, ಆ ಬಂದರೆ ತೆರೆದ ಬಾಯಿ. ಈ ವಿಧಾನದಲ್ಲಿ ನಟರು ಎಲ್ಲಿ ಉಸಿರೆಳೆದರೋ ಪಾತ್ರವೂ ಅಲ್ಲೇ ಎದೆಯುಬ್ಬಿಸುತ್ತದೆ. ನಟರ ತಡವರಿಕೆಯೂ ಚಿತ್ರವಾಗುತ್ತದೆ. ಡಬ್ಬಿಂಗ್‌ನಲ್ಲಿ ಎಲ್ಲವೂ ತಿರುವುಮುರುವು. ಚಿತ್ರ ಮುಗಿದು, ಬೇರೆ ಭಾಷೆಯ ಮಾತಿಗೆ ಬಾಯಿ ಆಡಿ, ಎಲ್ಲ ಸಿದ್ಧವಾದ ಮೇಲೆ ನಮ್ಮ ಸರದಿ ಬರುತ್ತದೆ. ಪಾತ್ರ ಎಲ್ಲಿ ಉಸಿರೆಳೆಯಬೇಕೆಂಬುದನ್ನು ಯಾವುದೋ ದೇಶದ ನಟ ಎಂದೋ ತೀರ್ಮಾನಿಸಿ ಆಗಿರುತ್ತದೆ.

ಕನ್ನಡದಲ್ಲಿ ಹೊಸಬರಿಗೆ ಸಿಗುವ ಕಾರ್ಟೂನ್ ಕೆಲಸದ ಬಹುಪಾಲು ಈ ಎರಡನೆಯ ಬಗೆಯದು. ಇದಕ್ಕೊಂದು ಹಿನ್ನೆಲೆಯಿದೆ. ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗ್ ಅನ್ನು ದೂರವಿಟ್ಟಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಮಕ್ಕಳಿಗೆ ಕನ್ನಡ ಮಾತನಾಡುವ ಕಾರ್ಟೂನ್‌ಗಳನ್ನು ತೋರಿಸತೊಡಗಿದಾಗ, ಅದಕ್ಕೂ ಮುಂಚೆ ಹಿಂದಿ, ಇಂಗ್ಲಿಷಿನಲ್ಲೇ ಕಾರ್ಟೂನ್ ನೋಡಿ ಬೆಳೆದಿದ್ದ ನಮ್ಮಂಥವರಿಗೆ ಅದು ಅಚ್ಚರಿಯ ಸಂಗತಿಯಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಡಬ್ಬಿಂಗ್ ಅನ್ನು ಒಟ್ಟಾಗಿ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಆದೇಶ ನೀಡಿತು. ಅಲ್ಲಿಂದೀಚೆಗೆ ಸಿನಿಮಾ, ಧಾರಾವಾಹಿ, ಒಟಿಟಿ, ಮಕ್ಕಳ ವಾಹಿನಿಗಳ ಕನ್ನಡ ಆಡಿಯೋ ಎಲ್ಲವೂ ಒಂದೊಂದಾಗಿ ಬಂದವು; 2025ರಲ್ಲಿ ‘ಮಹಾವತಾರ ನರಸಿಂಹ’ ಎಂಬ ಅನಿಮೇಶನ್ ಚಿತ್ರ ಕನ್ನಡದಲ್ಲಿಯೂ ಚಿತ್ರಮಂದಿರಗಳಿಗೆ ಬಂದಿತು. ಡಬ್ಬಿಂಗ್ ಬೇಕೇ ಬೇಡವೇ ಎಂಬ ಹಳೆಯ ವಾದದಲ್ಲಿ ಎರಡೂ ಕಡೆ ಹುರುಳಿದೆ ಎಂದು ನಾನು ತಿಳಿದಿದ್ದೇನೆ, ಆದರೆ ಆ ಚರ್ಚೆ ಇಲ್ಲಿಯದಲ್ಲ. ಇಲ್ಲಿ ಮುಖ್ಯವಾದದ್ದು, ಆ ದೀರ್ಘ ವಿರಾಮದಿಂದಾಗಿ ತಮಿಳು, ತೆಲುಗಿನಲ್ಲಿ ಇರುವಂತೆ ತಲೆಮಾರಿನಿಂದ ತಲೆಮಾರಿಗೆ ಕೈಗೆ ಕೈ ದಾಟಿಬಂದ ಡಬ್ಬಿಂಗ್ ಪಾಠ ನಮ್ಮಲ್ಲಿ ತೆಳುವಾಗಿದೆ ಎಂಬುದು. ಕಲಿಯುವವರು ಬಹಳಷ್ಟನ್ನು ತಾವೇ ಕಂಡುಕೊಳ್ಳಬೇಕಾಗಿದೆ.

ಹಾಗೆ ಕಂಡುಕೊಳ್ಳಬೇಕಾದವುಗಳಲ್ಲಿ ದೊಡ್ಡದು ತುಟಿಹೊಂದಿಕೆ, ಸ್ಟುಡಿಯೋ ಮಾತಿನಲ್ಲಿ ಲಿಪ್‌ಸಿಂಕ್. ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಹಿಂದಿಯ ಕಾರ್ಟೂನ್ ಒಂದರಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನು ‘ಮೈನೇ ಕಹಾ ಥಾ ನಾ, ದರ್ವಾಜಾ ಮತ್ ಖೋಲ್‌ನಾ’ ಎಂದು ಗದರುತ್ತಾಳೆ ಎಂದುಕೊಳ್ಳಿ. ಪುಸ್ತಕದ ಅನುವಾದವಾದರೆ ‘ಬಾಗಿಲನ್ನು ತೆರೆಯಬೇಡ ಎಂದು ನಾನು ನಿನಗೆ ಹೇಳಿರಲಿಲ್ಲವೇ’ ಎಂದಾಗುತ್ತದೆ. ಅರ್ಥ ಸರಿ, ಆದರೆ ಅಜ್ಜಿಯ ಬಾಯಿ ಮುಚ್ಚಿದ ಮೇಲೂ ಮಾತು ಮುಗಿದಿರುವುದಿಲ್ಲ. ಹಿಂದಿಯ ಆ ಸಾಲನ್ನು ನುಡಿಯುವಾಗ ಗದ್ದ ಹನ್ನೆರಡು ಸಲ ಆಡುತ್ತದೆ: ಆರು ಸಲ, ನಡುವೆ ಒಂದು ತಡೆ, ಮತ್ತೆ ಆರು ಸಲ. ಮೊದಲ ಅಕ್ಷರ ‘ಮೈ’ ಆದ್ದರಿಂದ ಮಾತು ಆರಂಭವಾಗುವಾಗ ತುಟಿ ಮುಚ್ಚಿರುತ್ತದೆ. ಈಗ ‘ಮೊದ್ಲೇ ಹೇಳಿದ್ನಲ್ಲ, ಕದ ತೆಗೀಬೇಡ’ ಎಂದು ಹೇಳಿ ನೋಡಿ. ಮೊದ್-ಲೇ-ಹೇ-ಳಿದ್-ನಲ್-ಲ ಎಂಬ ಆರು, ಕ-ದ-ತೆ-ಗೀ-ಬೇ-ಡ ಎಂಬ ಆರು. ‘ಮೊ’ದಲ್ಲಿ ತುಟಿಯೂ ಮುಚ್ಚಿಯೇ ಆರಂಭವಾಗುತ್ತದೆ. ಉಳಿಯುವ ತೊಡಕು ಒಂದೇ: ಎರಡನೆಯ ಅರ್ಧದಲ್ಲಿ ಹಿಂದಿಯ ‘ಮತ್’ ನಾಲ್ಕನೆಯ ಜಾಗದಲ್ಲಿ ತುಟಿ ಮುಚ್ಚಿಸಿದರೆ ನಮ್ಮ ‘ಬೇ’ ಐದನೆಯ ಜಾಗದಲ್ಲಿ ಬರುತ್ತದೆ. ನಟಿ ‘ತೆಗೀ’ಯನ್ನು ತುಸು ಅವಸರದಲ್ಲಿ ದಾಟಿ ‘ಬೇ’ಯನ್ನು ಎಳೆದರೆ ಆ ಒಂದು ಅಕ್ಷರದ ಅಂತರವೂ ಕಣ್ಣಿಗೆ ಬೀಳದಂತೆ ಕರಗುತ್ತದೆ, ಮೇಲಾಗಿ ಗದರಿಕೆಗೆ ಆ ಎಳೆತ ಒಪ್ಪುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ‘ಬಾಗಿಲು’ ಎಂಬ ಮೂರಕ್ಷರದ ಪದ ಕೂರದ ಜಾಗದಲ್ಲಿ ‘ಕದ’ ಎಂಬ ಎರಡಕ್ಷರದ ಹಳ್ಳಿಯ ಪದ ಕೂತಿತು. ಆ ಪದ ಗೊತ್ತಿಲ್ಲದವರಿಗೆ ಈ ದಾರಿ ಹೊಳೆಯುವುದೇ ಇಲ್ಲ.

ಅನುವಾದ ಮಾಡುವುದು ಕಂಠದಾನ ಕಲಾವಿದರ ಕೆಲಸವಲ್ಲ, ಅದಕ್ಕೆ ಸಂಭಾಷಣೆಕಾರರಿದ್ದಾರೆ ಎನ್ನಬಹುದು. ಬೂತಿನೊಳಗೆ ನಿಂತಾಗ ಈ ಗೆರೆ ಅಳಿಸಿಹೋಗುತ್ತದೆ. ಸಾಲು ಉದ್ದವಾಯಿತು, ಅರ್ಧ ಸೆಕೆಂಡು ಉಳಿಯಿತು, ತುಟಿ ದುಂಡಗಿದೆ ಆದರೆ ಮಾತು ‘ಬೇಡ’ ಎಂದಿದೆ ಎಂಬಂಥ ತಕರಾರುಗಳು ಪ್ರತಿ ಪುಟದಲ್ಲೂ ಬರುತ್ತವೆ, ಮತ್ತು ಥಟ್ಟನೆ ‘ಬೇಡ’ಕ್ಕೆ ಬದಲು ‘ಊಹೂಂ’ ಎಂದು ಹೊಂದಿಸಬಲ್ಲವರನ್ನು ನಿರ್ದೇಶಕರು ಮರೆಯುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮುಂಚೆ ಬರುತ್ತದೆ. ಆದ್ದರಿಂದ ಇಂಗ್ಲಿಷಿನಿಂದ ಬಂದ ದೃಶ್ಯದಲ್ಲಿ ಪಾತ್ರ ಕೈಯೆತ್ತಿ ತೋರಿಸುವ ಗಳಿಗೆಯಲ್ಲಿ ನಮ್ಮ ವಾಕ್ಯದ ತೂಕದ ಪದ ಇನ್ನೂ ಬಂದಿರುವುದೇ ಇಲ್ಲ. ವಾಕ್ಯವನ್ನು ತಲೆಕೆಳಗು ಮಾಡಿ ‘ಓಡು, ಆ ಕಡೆ!’ ಎನ್ನುವ ಆಡುಮಾತಿನ ಸ್ವಾತಂತ್ರ್ಯ ಇಂಥಲ್ಲಿ ನೆರವಿಗೆ ಬರುತ್ತದೆ. ಅಗ್ಗದ ಟಿವಿ ಕಾರ್ಟೂನ್‌ಗಳಲ್ಲಿ ಬಾಯಿ ಸುಮ್ಮನೆ ತೆರೆದು ಮುಚ್ಚುವುದರಿಂದ ಇಷ್ಟು ಸೂಕ್ಷ್ಮ ಬೇಕಾಗುವುದಿಲ್ಲ, ಆರಂಭ ಮತ್ತು ಅಂತ್ಯ ಕೂಡಿದರೆ ಸಾಕು. ಹಾಗೆಂದು ಆ ಸಡಿಲವನ್ನೇ ಅಭ್ಯಾಸ ಮಾಡಿಕೊಂಡವರು ಸಿನಿಮಾದ ಅನಿಮೇಶನ್ ಎದುರಾದಾಗ ಎಡವುತ್ತಾರೆ.

ಬೂತಿನಲ್ಲಿ ನಡೆಯುವ ಕೆಲಸದ ಕ್ರಮ ಹೀಗಿರುತ್ತದೆ. ಎದುರಿಗೆ ಪರದೆ, ಕಿವಿಯಲ್ಲಿ ಮೂಲಭಾಷೆಯ ಮಾತುಗಳಿರುವ ಪೈಲಟ್ ಟ್ರ್ಯಾಕ್, ಕೈಯಲ್ಲಿ ಅಥವಾ ಸ್ಟ್ಯಾಂಡಿನ ಮೇಲೆ ಸಾಲುಗಳು. ಪ್ರತಿ ಸಾಲಿನ ಪಕ್ಕ ಟೈಮ್‌ಕೋಡ್ ಇರುತ್ತದೆ. 00:04:12:18 ಎಂದಿದ್ದರೆ ನಾಲ್ಕನೇ ನಿಮಿಷದ ಹನ್ನೆರಡನೇ ಸೆಕೆಂಡಿನ ಹದಿನೆಂಟನೇ ಫ್ರೇಮು ಎಂದರ್ಥ. ಸೆಕೆಂಡಿಗೆ 25 ಫ್ರೇಮು ಓಡುವ ಚಿತ್ರದಲ್ಲಿ ಒಂದು ಫ್ರೇಮು ಎಂದರೆ 40 ಮಿಲಿಸೆಕೆಂಡು. ಸಾಮಾನ್ಯವಾಗಿ ಒಬ್ಬೊಬ್ಬರೇ ರೆಕಾರ್ಡ್ ಮಾಡುತ್ತಾರೆ, ಆದ್ದರಿಂದ ಎದುರು ಪಾತ್ರಧಾರಿ ಹೇಗೆ ಮಾತಾಡಿದ್ದಾರೆ ಎಂಬುದು ಗೊತ್ತಿಲ್ಲದೆಯೇ ಅವರೊಡನೆ ಜಗಳವಾಡಬೇಕಾಗುತ್ತದೆ. ಮಾತಿಗಿಂತ ಹೆಚ್ಚು ಹೊಸಬರನ್ನು ದಣಿಸುವುದು ಮಾತಲ್ಲದ ಸದ್ದುಗಳು. ಡಬ್ಬಿಂಗ್‌ಗೆ ಬರುವ ಚಿತ್ರದೊಡನೆ ಸಂಗೀತ ಮತ್ತು ಪರಿಣಾಮ ಶಬ್ದಗಳ ಪ್ರತ್ಯೇಕ ಟ್ರ್ಯಾಕ್ ಬರುತ್ತದೆ. ಮೂಲನಟರ ಮಾತನ್ನು ತೆಗೆದಾಗ ಅವರ ಏದುಸಿರು, ನುಂಗುವುದು, ಬಿಕ್ಕಳಿಕೆ, ಬೆಟ್ಟದಿಂದ ಉರುಳುವಾಗಿನ ‘ಆಂ-ಉಂ’ಗಳೂ ಹೋಗಿಬಿಡುತ್ತವೆ. ಅವೆಲ್ಲವನ್ನೂ ಮತ್ತೆ ಕೊಡಬೇಕು. ಸ್ಟುಡಿಯೋದವರು ಇದನ್ನು ರಿಯಾಕ್ಷನ್ ಎನ್ನುತ್ತಾರೆ. ನಲವತ್ತು ಸೆಕೆಂಡಿನ ಒಂದು ಬೆನ್ನಟ್ಟುವ ದೃಶ್ಯಕ್ಕೆ ಕದಲದೆ ನಿಂತಲ್ಲೇ ಓಡಿದ ದನಿ ಕೊಟ್ಟು ನೋಡಿ, ತಲೆ ಸುತ್ತಿ ಬರುವುದು ಎಷ್ಟು ಬೇಗ ಎಂಬುದು ಗೊತ್ತಾಗುತ್ತದೆ.

ಇನ್ನು ದನಿಯ ವಿಷಯ. ಕನ್ನಡಿಗರಿಗೆ ಕಂಠ ಎಂದರೆ ಗಡಸು ಕಂಠ ಎಂಬ ಮೋಹವಿದೆ. ಡಬ್ಬಿಂಗ್ ಕಲಾವಿದರಾಗಿದ್ದ ಪಿ.ಜೆ. ಶರ್ಮ ಅವರ ಮಕ್ಕಳಾದ ಸಾಯಿಕುಮಾರ್, ರವಿಶಂಕರ್ ಅವರ ಗುಡುಗು ದನಿಗಳು ನಮ್ಮ ಕಿವಿಯಲ್ಲಿ ತುಂಬಿರುವುದರಿಂದ, ಅಂಥ ದನಿ ತಮಗಿಲ್ಲವೆಂದು ಹಿಂಜರಿಯುವವರು ಬಹಳ. ಕಾರ್ಟೂನ್‌ಗೆ ಬೇಕಾದದ್ದು ಆಳವಲ್ಲ, ಅಗಲ. ವಯಸ್ಕ ಗಂಡಸಿನ ಧ್ವನಿತಂತುಗಳು ಮಾತಿನಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನವು ಸುಮಾರು 200 ಸಲ, ಚಿಕ್ಕ ಮಕ್ಕಳವು 250ರಿಂದ 300 ಸಲ ಕಂಪಿಸುತ್ತವೆ. ಹೆಂಗಸಿನ ದನಿ ಮಕ್ಕಳ ದನಿಗೆ ಹತ್ತಿರವಿರುವುದರಿಂದಲೂ, ಹುಡುಗರ ದನಿ ಹರೆಯದಲ್ಲಿ ಒಡೆದುಹೋಗುವುದರಿಂದಲೂ ಕಾರ್ಟೂನ್‌ಗಳಲ್ಲಿ ಹುಡುಗರ ಪಾತ್ರಕ್ಕೆ ಜಗತ್ತಿನ ಹಲವೆಡೆ ಹೆಚ್ಚಾಗಿ ಹೆಂಗಸರೇ ಕಂಠ ಕೊಡುತ್ತ ಬಂದಿದ್ದಾರೆ. ಅಮೆರಿಕದ ಬಾರ್ಟ್ ಸಿಂಪ್ಸನ್ ಎಂಬ ತುಂಟ ಹುಡುಗನಿಗೆ 1987ರಿಂದ ದನಿಯಾಗಿರುವವರು ನ್ಯಾನ್ಸಿ ಕಾರ್ಟ್‌ರೈಟ್. ಜಪಾನಿನ ಡೋರೇಮಾನ್‌ಗೆ 1979ರಿಂದ 2005ರವರೆಗೆ ನೊಬುಯೊ ಒಯಾಮಾ ಎಂಬ ನಟಿ ದನಿ ಕೊಟ್ಟರು. ಹಾಸನದ ಹೆಣ್ಣುಮಗಳೊಬ್ಬಳು ‘ನನ್ನ ದನಿ ಚಿಕ್ಕ ಹುಡುಗರ ಹಾಗಿದೆ’ ಎಂದು ಫೋನಿನಲ್ಲಿ ಮುಜುಗರಪಟ್ಟುಕೊಳ್ಳುತ್ತಿದ್ದರೆ, ಅವಳು ಮುಜುಗರಪಡುತ್ತಿರುವುದು ತನ್ನ ಆಸ್ತಿಗೆ.

ಕಂಪನದ ಎತ್ತರಕ್ಕಿಂತಲೂ ಪಾತ್ರದ ಗಾತ್ರವನ್ನು ಕೇಳುಗನಿಗೆ ತಿಳಿಸುವುದು ಗಂಟಲಿನಿಂದ ತುಟಿಯವರೆಗಿನ ಕೊಳವೆಯ ಉದ್ದ. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಮೇಲೇರುತ್ತದೆ, ಆಕಳಿಸಿದರೆ ಕೆಳಗಿಳಿಯುತ್ತದೆ. ಮೇಲೇರಿದ ಸ್ಥಿತಿಗೆ ಹತ್ತಿರವಾಗಿ, ನಗುಮುಖದಲ್ಲಿ ತುಟಿಯನ್ನು ಅಗಲಿಸಿ ಮಾತಾಡಿದರೆ ಕೊಳವೆ ಗಿಡ್ಡವಾಗಿ ಇಲಿ ಹುಟ್ಟುತ್ತದೆ. ಇಳಿದ ಸ್ಥಿತಿಯಲ್ಲಿ ತುಟಿಯನ್ನು ಮುಂದೆ ಚಾಚಿ ದುಂಡಗಾಗಿಸಿದರೆ ಕೊಳವೆ ನೀಳವಾಗಿ ಆನೆ ಹುಟ್ಟುತ್ತದೆ. ಇದರ ಮೇಲೆ ಮೂಗಿನ ಪಾಲು ಎಷ್ಟು, ಉಸಿರಿನ ಸೋರಿಕೆ ಎಷ್ಟು, ಮಾತಿನ ವೇಗ ಎಷ್ಟು ಎಂಬುದನ್ನು ಸೇರಿಸುತ್ತ ಹೋದರೆ ಒಂದೇ ಗಂಟಲಿನಿಂದ ಹತ್ತಾರು ಜೀವಗಳು ಹೊರಡುತ್ತವೆ. ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್ ಈ ಮೂರಕ್ಕೂ ದನಿಯಾಗಿದ್ದ ಮೆಲ್ ಬ್ಲಾಂಕ್‌ನನ್ನು ಸಾವಿರ ದನಿಗಳ ಮನುಷ್ಯ ಎಂದು ಕರೆದರು. ಆದರೆ ಸಾವಿರದ ಲೆಕ್ಕಕ್ಕೆ ಹೊಸಬರು ಮರುಳಾಗಬಾರದು. ಪರೀಕ್ಷೆ ಬೇರೆಯೇ ಇದೆ: ಹುಟ್ಟಿಸಿದ ದನಿಯಲ್ಲಿ ಇಪ್ಪತ್ತು ನಿಮಿಷ ದಿನಪತ್ರಿಕೆ ಓದಿ, ಮರುದಿನ ಬೆಳಿಗ್ಗೆ ಹಿಂದಿನ ರೆಕಾರ್ಡಿಂಗ್ ಕೇಳದೆ ಅದೇ ದನಿಗೆ ಮರಳಲು ಆಗುತ್ತದೆಯೇ ನೋಡಬೇಕು. ಆಗದಿದ್ದರೆ ಅದು ದನಿಯಲ್ಲ, ವೇಷ.

ಗಂಟಲಿನ ಆರೈಕೆಯ ಬಗ್ಗೆ ಮನೆಮದ್ದುಗಳ ಪಟ್ಟಿ ಎಲ್ಲರ ಬಳಿಯೂ ಇದೆ, ನಾನದನ್ನು ಉದ್ದ ಮಾಡುವುದಿಲ್ಲ. ಮಕ್ಕಳು ಬಸ್ಸಿನ ಆಟವಾಡುವಾಗ ‘ಬ್ರ್ರ್ರ್’ ಎಂದು ತುಟಿ ಅದುರಿಸುತ್ತಾರಲ್ಲ, ರೆಕಾರ್ಡಿಂಗ್‌ಗೆ ಮುಂಚೆ ಐದು ನಿಮಿಷ ಅದನ್ನು ಏರಿಳಿಸಿ ಮಾಡುವುದು ಒಳ್ಳೆಯ ತಯಾರಿ. ಕಿರುಚುವ ಸಾಲುಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳುವಂತೆ ನಿರ್ದೇಶಕರನ್ನು ಕೇಳುವುದರಲ್ಲಿ ತಪ್ಪಿಲ್ಲ. ಚಿಕ್ಕಮಗಳೂರಿನವರಿಗೆ ಹೇಳಲು ಸಂಕೋಚವಾದರೂ ಹೇಳಬೇಕು, ಹಾಲು ಬೆರೆಸಿದ ಗಟ್ಟಿ ಕಾಫಿ ಕುಡಿದ ಕೂಡಲೇ ಮೈಕಿನ ಮುಂದೆ ನಿಲ್ಲಬೇಡಿ; ಬಾಯಿಯ ಅಂಟು ಪ್ರತಿ ಅಕ್ಷರಕ್ಕೂ ಚಟಪಟ ಸದ್ದು ಸೇರಿಸುತ್ತದೆ. ದನಿಯ ಒಡಕು ಮೂರು ವಾರ ಕಳೆದರೂ ಹೋಗದಿದ್ದರೆ ಶುಂಠಿ ಜಗಿಯುತ್ತ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ಹೊಯ್ಸಳರ ಕಾಲದ ವೈಯಾಕರಣ ಕೇಶಿರಾಜ, ಶಬ್ದವು ನಾಭಿಯ ಬುಡದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆ ಎಂದಿದ್ದ. ಉಸಿರನ್ನು ಎದೆಯಲ್ಲಿ ಹಿಡಿಯದೆ ಹೊಟ್ಟೆಯಿಂದ ನಡೆಸಬೇಕೆಂದು ಇಂದಿನ ಧ್ವನಿ ಶಿಕ್ಷಕರು ಹೇಳುವುದಕ್ಕೂ ಅದಕ್ಕೂ ದೂರವೇನಿಲ್ಲ. ಆದರೆ ನಮ್ಮ ಸೀಮೆಯವರಿಗೆ ತೊಡಕಾಗುವುದು ಶಬ್ದ ಹುಟ್ಟುವಲ್ಲಿ ಅಲ್ಲ, ಹಕಾರದಲ್ಲಿ. ಹಾಸನದ ಸುತ್ತಿನ ಹಳ್ಳಿಗಳ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹೋಗು ‘ಓಗು’ ಆಗುತ್ತದೆ, ಹಾಸನವೇ ‘ಆಸ್ನ’ ಆಗುತ್ತದೆ. ಕಾರ್ಟೂನ್‌ನಲ್ಲಿ ‘ಹಕ್ಕಿ ಹಾರಿತು’ ಎನ್ನಬೇಕಾದ ಕಡೆ ‘ಅಕ್ಕಿ ಆರಿತು’ ಎಂದರೆ ಮಗುವಿನ ಕಣ್ಣು ಆಕಾಶ ಬಿಟ್ಟು ಅನ್ನದ ತಟ್ಟೆಗೆ ಇಳಿಯುತ್ತದೆ. ಈ ತಪ್ಪಿಗೆ ಹೆದರಿ ಎಲ್ಲ ಸ್ವರಕ್ಕೂ ಹಕಾರ ಸೇರಿಸಿ ‘ಹಾನೆ ಬಂತು’ ಎನ್ನುವವರೂ ಇದ್ದಾರೆ. ಶ, ಷ, ಸ ಇವುಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇವೂ ಇದೇ ಸಾಲಿನವು. ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ಕೇಳಿ ತಿದ್ದಿಕೊಂಡರೆ ನಾಲ್ಕಾರು ತಿಂಗಳಲ್ಲಿ ಇದು ಹಿಡಿತಕ್ಕೆ ಬರುತ್ತದೆ. ಇದಕ್ಕೆ ಮಾಂತ್ರಿಕ ಉಪಾಯವಿಲ್ಲ.

ಆದರೆ ತಿದ್ದಿಕೊಳ್ಳುವುದೆಂದರೆ ಅಳಿಸಿಹಾಕುವುದಲ್ಲ, ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬೀದರಿನಿಂದ ಚಾಮರಾಜನಗರದವರೆಗಿನ ಮಕ್ಕಳಿಗೆ ಅರ್ಥವಾಗಬೇಕೆಂದು ನಿರ್ದೇಶಕರು ಯಾವ ಊರಿಗೂ ಸೇರದ ಕನ್ನಡವನ್ನು ಕೇಳುತ್ತಾರೆ. ಅದು ನ್ಯಾಯವೇ. ಅದರ ಫಲವಾಗಿ ಅನೇಕ ಕಾರ್ಟೂನ್‌ಗಳಲ್ಲಿ ಮೊಲ, ಕರಡಿ, ಪಕ್ಕದ ಮನೆಯ ಪೋಲಿ ಹುಡುಗ ಎಲ್ಲರೂ ಪಠ್ಯಪುಸ್ತಕ ಓದಿದ ಹಾಗೆ ‘ನಾವೀಗ ಅಲ್ಲಿಗೆ ತೆರಳೋಣವೇ’ ಎನ್ನುವಂತಾಗಿರುವುದೂ ನಿಜ. ನಾಯಕನಿಗೆ ಈ ಶಿಷ್ಟ ಮಾತು ತಪ್ಪಿದ್ದಲ್ಲವಾದರೂ ಜೊತೆಯ ಪಾತ್ರಗಳಿಗೆ ಬಣ್ಣ ಬೇಕಾಗುತ್ತದೆ. ಹಾಸನದ ಕಡೆಯ ‘ಏನ್ಲಾ, ಬತ್ತೀನಿ ಇರ್ಲಾ’ ಎಂಬ ಲಯವನ್ನೂ, ಕೊಪ್ಪ-ಶೃಂಗೇರಿ ಕಡೆಯ ‘ಎಂತ ಮಾರಾಯ’ ಎಂಬ ನಿಧಾನವನ್ನೂ ಬೇಕೆಂದಾಗ ತೆಗೆದು, ಬೇಡವೆಂದಾಗ ಮಡಿಸಿಡಬಲ್ಲ ಕಲಾವಿದನಿಗೆ ಒಬ್ಬನೇ ಇದ್ದರೂ ಮೂವರ ಕೆಲಸ ಸಿಗುತ್ತದೆ. ಸಂತೆಯಲ್ಲಿ ನಿಂತು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ವ್ಯಾಪಾರಕ್ಕೆ ಕೂತ ಅಜ್ಜಿ ದರ ಹೇಳುವಾಗ ದನಿ ಎಲ್ಲಿ ಏರುತ್ತದೆ, ಚೌಕಾಸಿಗೆ ಒಪ್ಪದಾಗ ಎಲ್ಲಿ ಇಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ಅದು ಪಾತ್ರಗಳ ಉಗ್ರಾಣ.

ಮಲೆನಾಡಿನವರಿಗೆ ಇನ್ನೊಂದು ಪಾಠಶಾಲೆ ಮನೆಯಂಗಳದಲ್ಲೇ ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆಗಳ ನಡುವೆ ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿ ಬರೀ ಮಾತಿನಿಂದ ಕರ್ಣನಾಗುತ್ತಾನೆ, ಶಲ್ಯನಾಗುತ್ತಾನೆ. ಕಣ್ಣು ಮುಚ್ಚಿ ಕೇಳಿದರೂ ಯಾರು ಗೆದ್ದರೆಂಬುದು ತಿಳಿಯುತ್ತದೆ. ಮುಖದ ನೆರವಿಲ್ಲದೆ ಪಾತ್ರ ಕಟ್ಟುವ ಈ ಕಲೆಗಿಂತ ಕಂಠದಾನಕ್ಕೆ ಹತ್ತಿರದ ತರಬೇತಿ ನನಗೆ ಕಾಣದು. ವ್ಯತ್ಯಾಸವೂ ಇದೆ, ಮತ್ತು ಅದು ಸಣ್ಣದಲ್ಲ: ಅರ್ಥಧಾರಿಗೆ ಮಾತು ತನ್ನದು, ಸಮಯವೂ ತನ್ನದು, ಕಾರ್ಟೂನ್‌ನಲ್ಲಿ ಎರಡೂ ನಮ್ಮದಲ್ಲ. ಅರ್ಧ ತಾಸು ಬೆಳೆಸಬಲ್ಲ ಮಾತನ್ನು ಎರಡೂವರೆ ಸೆಕೆಂಡಿಗೆ ಇಳಿಸುವುದು ತಾಳಮದ್ದಳೆಯಿಂದ ಬಂದವರಿಗೆ ಕಷ್ಟವಾಗಬಹುದು. ಹಾಸನದಲ್ಲಿ ಆಕಾಶವಾಣಿ ಕೇಂದ್ರವಿರುವುದು ಎರಡೂ ಜಿಲ್ಲೆಯವರಿಗೆ ಅನುಕೂಲ. ಆಕಾಶವಾಣಿ ನಾಟಕ ಕಲಾವಿದರನ್ನು ಧ್ವನಿಪರೀಕ್ಷೆಯ ಮೂಲಕ ಆರಿಸಿ ಶ್ರೇಣಿ ಕೊಡುತ್ತದೆ. ಆ ಪರೀಕ್ಷೆಗೆ ತಯಾರಾಗುವುದೇ ಒಂದು ಶಿಸ್ತು. ರಂಗಶಿಕ್ಷಣಕ್ಕೆ ಸಮಯ ಕೊಡಬಲ್ಲವರಿಗೆ ಹೆಗ್ಗೋಡಿನ ನೀನಾಸಂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ ದೂರದ ದಾರಿಯಲ್ಲ. ಕೆಲವೇ ದಿನಗಳಲ್ಲಿ ವಾಯ್ಸ್ ಆರ್ಟಿಸ್ಟ್ ಮಾಡುತ್ತೇವೆಂದು ಜಾಹೀರಾತು ಕೊಡುವ ದುಬಾರಿ ಕೋರ್ಸುಗಳಿಗಿಂತ ಇವನ್ನು ನಾನು ನೂರು ಪಾಲು ಮೇಲೆನ್ನುತ್ತೇನೆ.

ಸಲಕರಣೆಯ ಮಾತು ಬಂದರೆ ಹೊಸಬರು ಮೈಕಿನ ಬೆಲೆ ಕೇಳುತ್ತಾರೆ; ಕೇಳಬೇಕಾದದ್ದು ಕೋಣೆಯ ಬಗ್ಗೆ. ಒಳ್ಳೆಯ ಕಂಡೆನ್ಸರ್ ಮೈಕು ಕೆಟ್ಟ ಕೋಣೆಯನ್ನು ಇನ್ನಷ್ಟು ನಿಚ್ಚಳವಾಗಿ ಕೇಳಿಸುತ್ತದೆ, ಅಷ್ಟೇ. ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೆಂದು ತಿಳಿಯುವುದು ಸಾಮಾನ್ಯ ತಪ್ಪು. ಒಳಗಿನ ದನಿ ಗೋಡೆಗೆ ಬಡಿದು ಮರಳುವುದು ಒಂದು. ಹೊರಗಿನ ಸದ್ದು ಒಳಬರುವುದು ಇನ್ನೊಂದು. ಮೊದಲನೆಯದಕ್ಕೆ ಬಟ್ಟೆ ತುಂಬಿದ ಬೀರು, ಹತ್ತಿಯ ಹಾಸಿಗೆ, ಗೋಡೆಯಿಂದ ನಾಲ್ಕು ಬೆರಳು ದೂರ ನೇತುಹಾಕಿದ ದಪ್ಪ ಕಂಬಳಿಗಳು ಸಾಕು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನೆಯದಕ್ಕೆ ಕಂಬಳಿ ಉಪಯೋಗಕ್ಕೆ ಬಾರದು. ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಅಥವಾ ಮಂಗಳೂರು ಹೆಂಚಿನ ಮಾಡಿನ ಕೆಳಗೆ ರೆಕಾರ್ಡ್ ಮಾಡುತ್ತೇನೆನ್ನುವವರು ಮಳೆಯ ಬಿಡುವು ಕಾಯುವುದನ್ನೂ ಕಲಿಯಬೇಕು, ಮಳೆ ನಿಂತ ಮೇಲೆ ಜೀರುಂಡೆಗಳ ಬಿಡುವನ್ನೂ ಕಾಯಬೇಕು. ಅಭ್ಯಾಸಕ್ಕೆ ಫೋನು ಸಾಕು, ಸಾಫ್ಟ್‌ವೇರ್‌ಗೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಕೆಲಸಕ್ಕಾಗಿ ಕಳಿಸುವಾಗ 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಕಡತ ಕೊಡುವುದು ರೂಢಿ. ಮೈಕಿನಿಂದ ಒಂದು ಗೇಣಿನಷ್ಟು ದೂರ ನಿಂತು, ಕೂಗುವ ಸಾಲು ಬಂದಾಗ ಇನ್ನೊಂದು ಗೇಣು ಹಿಂದೆ ಸರಿದು ಗೇನ್, ಅಂದರೆ ಮೈಕು ದನಿಯನ್ನು ಹಿಗ್ಗಿಸುವ ಪ್ರಮಾಣ, ಇಳಿಸಬೇಕು.

ಡೆಮೋ ಎಂಬುದು ಈ ಲೋಕದ ಬಯೋಡೇಟಾ. ಅರವತ್ತರಿಂದ ತೊಂಬತ್ತು ಸೆಕೆಂಡು, ಐದಾರು ಪಾತ್ರ, ಒಂದೊಂದಕ್ಕೆ ಹತ್ತು ಹದಿನೈದು ಸೆಕೆಂಡು. ಅತ್ಯುತ್ತಮವಾದದ್ದು ಮೊದಲಿಗೆ, ಏಕೆಂದರೆ ಕೇಳುವವರು ಕೊನೆಯವರೆಗೆ ಕೇಳುತ್ತಾರೆಂಬ ಭರವಸೆಯಿಲ್ಲ. ಪ್ರಸಿದ್ಧ ಕಾರ್ಟೂನ್ ಪಾತ್ರಗಳ ಅನುಕರಣೆಯನ್ನು ಅದರಲ್ಲಿ ತುಂಬಬೇಡಿ. ಆ ಪಾತ್ರಗಳಿಗೆ ಈಗಾಗಲೇ ದನಿಗಳಿವೆ. ಒಂದು ಪಾತ್ರವಾದರೂ ನಿಮ್ಮದೇ ಸಹಜ ದನಿಯಲ್ಲಿರಲಿ. ಕನ್ನಡದ ಡಬ್ಬಿಂಗ್ ಸ್ಟುಡಿಯೋಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ನೇರ ರೈಲುಮಾರ್ಗ ತೆರೆದ ಮೇಲೆ ಹಾಸನದವರು ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಚಿಕ್ಕಮಗಳೂರಿನಿಂದ ಹೋಗುವವರು ಒಂದು ರಾತ್ರಿಯ ವಸತಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಡಿಷನ್‌ಗೆ ನೋಂದಣಿ ಶುಲ್ಕ ಕೇಳುವವರಿಂದ ದೂರವಿರಿ. ಹೆಸರಿನಲ್ಲೇ ದಾನವಿದ್ದರೂ ಕಂಠದಾನ ದುಡಿಮೆ. ಹಣ ಅವರಿಂದ ನಮಗೆ ಬರಬೇಕು.

ಆ ಹಣ ಸಂಚಿಕೆಯ ಲೆಕ್ಕದಲ್ಲೋ ಗಂಟೆಯ ಲೆಕ್ಕದಲ್ಲೋ ಪಾತ್ರದ ಲೆಕ್ಕದಲ್ಲೋ ಎಂಬುದನ್ನು, ಮರುರೆಕಾರ್ಡಿಂಗ್‌ಗೆ ಪ್ರತ್ಯೇಕ ಸಂಭಾವನೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇತ್ತೀಚೆಗೆ ಒಪ್ಪಂದಗಳಲ್ಲಿ ಓದಲೇಬೇಕಾದ ಇನ್ನೊಂದು ಸಾಲು ಕೃತಕ ಬುದ್ಧಿಮತ್ತೆಯದು. ಒಂದಷ್ಟು ಗಂಟೆಗಳ ರೆಕಾರ್ಡಿಂಗ್ ಕೈಯಲ್ಲಿದ್ದರೆ ಯಂತ್ರ ಅದೇ ದನಿಯಲ್ಲಿ ಹೇಳದ ಮಾತನ್ನೂ ಹೇಳಿಸಬಲ್ಲದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಆದರೂ ಸಹಿ ಹಾಕಿ ಕೊಟ್ಟ ಮೇಲೆ ವಾದಿಸುವುದು ಕಷ್ಟ. ಈ ಸಂಚಿಕೆಯ ಪ್ರಸಾರಕ್ಕೆ ಮಾತ್ರ, ದನಿಯ ಮಾದರಿ ತಯಾರಿಸಲು ಅಲ್ಲ ಎಂಬ ಸಾಲನ್ನು ಸೇರಿಸುವಂತೆ ಕೇಳಬೇಕು. ಮಕ್ಕಳಿಂದ ದನಿ ಕೊಡಿಸುವ ಪಾಲಕರಿಗೆ ಬೇರೆ ನಿಯಮಗಳಿವೆ: 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲಕಲಾವಿದರ ಕೆಲಸ ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು, ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಭಾಗ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು.

ಮೊದಲ ಕರೆ ಬಂದಾಗ ಅದು ಮುಖ್ಯ ಪಾತ್ರಕ್ಕಾಗಿರುವುದು ಅಪರೂಪ. ಗುಂಪಿನ ದನಿಗಾಗಿ ಕರೆಯುತ್ತಾರೆ: ಜಾತ್ರೆ, ಶಾಲೆಯ ಅಂಗಳ, ಬೆಂಕಿ ಬಿದ್ದ ಊರು. ನಾಲ್ಕೈದು ಜನ ಒಂದೇ ಮೈಕಿನ ಸುತ್ತ ನಿಂತು, ಒಂದು ಸಲ ಹತ್ತಿರದಿಂದ, ಒಂದು ಸಲ ಗೋಡೆಯ ಕಡೆ ತಿರುಗಿ, ಇನ್ನೊಂದು ಸಲ ದನಿ ಬದಲಿಸಿ ಮಾತಾಡಿದರೆ ಅದು ಐವತ್ತು ಜನರ ಸಂತೆಯಾಗುತ್ತದೆ. ಏನು ಮಾತಾಡಬೇಕೆಂದು ಪುಟದಲ್ಲಿ ಬರೆದಿರುವುದಿಲ್ಲ. ಹೊಸಬರು ಏನೂ ಹೊಳೆಯದೆ ‘ಹೌದು ಹೌದು, ಅಲ್ಲವೇ’ ಎಂದು ಗೊಣಗುತ್ತಾರೆ. ಹಾಸನದ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮೂಟೆಯ ದರಕ್ಕೆ ನಡೆಯುವ ಜಗಳವನ್ನು ಕಿವಿಗೊಟ್ಟು ಕೇಳಿದವರಿಗೆ ಆ ಎರಡು ನಿಮಿಷ ಸಾಲದಾಗುತ್ತದೆ, ಎಂಜಿನಿಯರ್ ಸಾಕು ಎಂದು ಕೈಯೆತ್ತುವವರೆಗೂ ಅವರು ಚೌಕಾಸಿ ಮಾಡುತ್ತಲೇ ಇರುತ್ತಾರೆ.